ಮಳೆಗಾಲಕ್ಕೂ ಬೇಸಿಗೆಗೂ ಒಂದೇ ಟೂರಿಂಗ್ ಸೈಕಲ್: ಏನು ಬದಲಿಸಬೇಕು, ಏನು ಬೇಡ

ನೀವು ಕೇಳಿದ್ದು ಇಷ್ಟು: ಶಿವಮೊಗ್ಗದಲ್ಲಿದ್ದೀರಿ, ಸ್ಟೀಲ್ ಫ್ರೇಮಿನ ಹಳೆಯ ಟೂರಿಂಗ್ ಸೈಕಲ್ ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದೆ. ದಿನಾ ಕೆಲಸಕ್ಕೆ ಅದರಲ್ಲೇ ಹೋಗಬೇಕು. ರಜೆ ಸಿಕ್ಕಾಗ ಆಗುಂಬೆ ಇಳಿದು ಉಡುಪಿಗೆ ಹೋಗಬೇಕು, ಬೇಸಿಗೆಯಲ್ಲಿ ಹಂಪಿ, ರಾಯಚೂರು ಕಡೆಗೂ ಹೋಗುವ ಆಸೆ ಇದೆ. ವರ್ಷವಿಡೀ ಓಡಿಸಲು ಏನೇನು ಬದಲಿಸಬೇಕು ಎಂಬುದು ಪ್ರಶ್ನೆ.

ನಾನು ತೀರ್ಥಹಳ್ಳಿ ಕಡೆಯವನು. ಮಳೆಗಾಲದಲ್ಲೂ ಸೈಕಲ್ ನಿಲ್ಲಿಸದವರಲ್ಲಿ ಒಬ್ಬ. ನಿಮ್ಮ ಆಯ್ಕೆ ಒಳ್ಳೆಯದು. ಸ್ಟೀಲ್ ಫ್ರೇಮಿಗೆ ಏನಾದರೂ ಆದರೆ ಯಾವ ಊರಿನಲ್ಲಾದರೂ ವೆಲ್ಡಿಂಗ್ ಮಾಡುವವರು ಸಿಗುತ್ತಾರೆ. ಅಲ್ಯೂಮಿನಿಯಂ ಸೀಳಿದರೆ ಸಣ್ಣ ಊರಿನಲ್ಲಿ ಕೈ ಚೆಲ್ಲಿ ಕೂರಬೇಕಾಗುತ್ತದೆ.

ಏನನ್ನೇ ಕೊಳ್ಳುವ ಮುಂಚೆ ಒಂದು ಅಳತೆ ತೆಗೆಯಿರಿ. ಟಯರಿಗೂ ಫ್ರೇಮಿಗೂ ನಡುವೆ ಎಷ್ಟು ಜಾಗ ಇದೆ? ಮುಂದೆ ಫೋರ್ಕಿನ ಕೆಳಗೆ, ಹಿಂದೆ ಪೆಡಲಿನಿಂದ ಚಕ್ರಕ್ಕೆ ಹೋಗುವ ಎರಡು ಪೈಪುಗಳ ನಡುವೆ, ಬ್ರೇಕಿನ ಕೆಳಗೆ, ಮೂರೂ ಕಡೆ ನೋಡಿ. ಎಲ್ಲ ಕಾಲಕ್ಕೂ ಓಡುವ ಸೈಕಲ್ಲಿಗೆ ಈ ಜಾಗವೇ ಮುಖ್ಯ. ಅಗಲದ ಟಯರ್, ಅದರ ಮೇಲೆ ಮಡ್‌ಗಾರ್ಡ್, ಅವೆರಡರ ನಡುವೆ ಕೆಸರು ಹೋಗಲು ಕನಿಷ್ಠ 10 ಮಿ.ಮೀ. ಬೇಕು. ನಮ್ಮ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣು ಅಂಟುಮಣ್ಣು. ಜಾಗ ಕಮ್ಮಿ ಇದ್ದರೆ ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಗೇರು, ಲೈಟು, ಸೀಟು ಯಾವಾಗ ಬೇಕಾದರೂ ಬದಲಿಸಬಹುದು. ಫ್ರೇಮಿನ ಜಾಗವನ್ನು ಬದಲಿಸಲು ಆಗುವುದಿಲ್ಲ ಅಲ್ವಾ?

ಆಮೇಲೆ ಟಯರಿನ ಪಕ್ಕದಲ್ಲಿ ಬರೆದಿರುವ ಸಂಖ್ಯೆ ಓದಿ. 37-622 ಎಂಬಂತೆ ಇರುತ್ತದೆ. ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ಮೇಲೆ ಟಯರ್ ಕೂರುವ ಜಾಗದ ವ್ಯಾಸ. 622 ಎಂದರೆ 700ಸಿ, ಈಗಿನ ಹೈಬ್ರಿಡ್ ಸೈಕಲ್‌ಗಳಿಗೂ ಅದೇ ಅಳತೆ, ಟಯರ್ ಸುಲಭವಾಗಿ ಸಿಗುತ್ತದೆ. ಹಳೆಯ ಕೆಲವು ಟೂರಿಂಗ್ ಸೈಕಲ್‌ಗಳಲ್ಲಿ 630 ಇರುತ್ತದೆ, ಅದಕ್ಕೆ ಟಯರ್ ಹುಡುಕುವುದೇ ಕಷ್ಟ. ಅಂಗಡಿಗೆ ಹೋಗಿ ಸುಮ್ನೆ '28 ಇಂಚಿನ ಟಯರ್ ಕೊಡಿ' ಎಂದರೆ ಹಾಲು ಹಾಕುವವರ ಸೈಕಲ್ಲಿನ 635ರ ಟಯರ್ ಕೊಟ್ಟಾರು. ನಿಮ್ಮ 622 ರಿಮ್ಮಿಗೆ ಅದು ಕೂರುವುದಿಲ್ಲ. ಇಂಚು ಬಿಟ್ಟು ಈ ಮೂರಂಕಿಯನ್ನೇ ಹೇಳಿ.

ಅಗಲ 35ರಿಂದ 40ರೊಳಗೆ ಇರಲಿ. ಸಪೂರ ಟಯರಿನಲ್ಲಿ ಮಳೆಗಾಲದ ಗುಂಡಿಗಳನ್ನು ದಾಟುವುದು ರಿಮ್ಮಿಗೂ ಬೆನ್ನಿಗೂ ಕಷ್ಟ. ಮುಳ್ಳಿನ ವಿಷಯಕ್ಕೆ ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಟಯರ್ ನನಗೆ ಇಷ್ಟ. ಅದರೊಳಗೆ 5 ಮಿ.ಮೀ. ದಪ್ಪದ ರಬ್ಬರ್ ಪದರ ಇದೆ. ತೂಕ ಜಾಸ್ತಿ, ಬೆಲೆಯೂ ಜಾಸ್ತಿ. ಆದರೂ ಬಯಲುಸೀಮೆಯ ಬಳ್ಳಾರಿ ಜಾಲಿಯ ಮುಳ್ಳು ನೋಡಿದವರು ಆ ತೂಕಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಅಷ್ಟು ಖರ್ಚು ಬೇಡ ಎಂದರೆ ಸಾಧಾರಣ ಟಯರ್ ಹಾಕಿ, ಒಳಗೆ ಟಯರ್ ಲೈನರ್ ಪಟ್ಟಿ ಇಡಿ. ಗಾಳಿ ಎಷ್ಟು ಎಂದರೆ, 37ರ ಟಯರಿಗೆ ಸಾಮಾನು ಹೇರಿದಾಗ ಹಿಂದೆ 55ರಿಂದ 60 ಪಿಎಸ್‌ಐ, ಮುಂದೆ 45ರಿಂದ 50 ಸಾಕು. ಮಳೆಯಲ್ಲಿ ಇನ್ನೊಂದು ಐದು ಇಳಿಸಿದರೆ ಹಿಡಿತ ಚೆನ್ನಾಗಿರುತ್ತದೆ.

ಟ್ಯೂಬಿನ ಬಾಯಿ ಯಾವುದು ಎಂಬುದನ್ನೂ ನೋಡಿ. ತೆಳ್ಳಗಿನ ಪ್ರೆಸ್ಟಾ ವಾಲ್ವಿಗೆ ಸಣ್ಣ ಊರಿನ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಾಕಲು ಆಗುವುದಿಲ್ಲ. ಬೈಕಿನದ್ದೇ ಬಾಯಿ ಇರುವ ಟ್ಯೂಬ್ ಇದ್ದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ. ಅದು ಕೂರಲು ರಿಮ್ಮಿನ ತೂತು 8.5 ಮಿ.ಮೀ. ಇರಬೇಕು, ಪ್ರೆಸ್ಟಾದ್ದು 6.5. ರಿಮ್ ಬದಲಿಸುವುದು ಬೇಡವೆಂದರೆ ಸಣ್ಣ ಹಿತ್ತಾಳೆ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿ ಇಟ್ಟುಬಿಡಿ, ಕಳೆದುಹೋಗುವುದಿಲ್ಲ.

ಈಗ ಮಳೆಗಾಲದ ಮಾತು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಂಥ ಮಳೆಯಲ್ಲಿ ಸೈಕಲ್ಲಿನೊಳಗೆ ನೀರು ಹೋಗದ ಹಾಗೆ ತಡೆಯುತ್ತೇನೆ ಎನ್ನುವುದು ಆಗದ ಮಾತು. ಸೀಟಿನ ಪೈಪಿನ ಸೀಳಿನಿಂದ, ವೈರು ಒಳಹೋಗುವ ತೂತುಗಳಿಂದ ನೀರು ಇಳಿದೇ ಇಳಿಯುತ್ತದೆ. ಅದು ಹೊರಗೆ ಹೋಗಲು ದಾರಿ ಇದೆಯೇ ಎಂದು ನೋಡಿ. ಪೆಡಲ್ ಕೂರುವ ಬಾಟಮ್ ಬ್ರಾಕೆಟ್ಟಿನ ಅಡಿಯಲ್ಲಿ ಒಂದು ಸಣ್ಣ ತೂತು ಇರಬೇಕು. ಹಳೆಯ ಸೈಕಲ್‌ಗಳಲ್ಲಿ ಅದು ಮಣ್ಣು ತುಂಬಿ ಮುಚ್ಚಿಹೋಗಿರುತ್ತದೆ. ತಂತಿಯಿಂದ ಕೆದಕಿ ಬಿಡಿಸಿ. ತೂತೇ ಇಲ್ಲದಿದ್ದರೆ ಅನುಭವ ಇರುವ ಮೆಕ್ಯಾನಿಕ್ ಕೈಯಲ್ಲಿ ಹೊಡೆಸಿ. ಸೀಟಿನ ಪೈಪನ್ನು ಪೂರ್ತಿ ಎಳೆದು ಗ್ರೀಸ್ ಹಚ್ಚಿ, ಸೀಳಿನ ಸುತ್ತ ಹಳೆ ಟ್ಯೂಬಿನ ಒಂದು ಬಳೆ ತೊಡಿಸಿ. ಕಾರಿಗೆ ಹೊಡೆಯುವ ಆಂಟಿ ರಸ್ಟ್ ಸ್ಪ್ರೇಯನ್ನು ಫ್ರೇಮಿನ ಪೈಪುಗಳ ಒಳಗೂ ಹೊಡೆಸಿದರೆ ಒಳ್ಳೆಯದು. ಸ್ಟೀಲ್ ಫ್ರೇಮು ಹೊರಗಿನಿಂದ ಮಾತ್ರ ಅಲ್ಲ, ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಮಡ್‌ಗಾರ್ಡ್ ಪೂರ್ತಿ ಉದ್ದದ್ದೇ ಬೇಕು. ಸೀಟಿಗೆ ಸಿಕ್ಕಿಸುವ ಸಣ್ಣ ಪ್ಲಾಸ್ಟಿಕ್ ತುಂಡು ನಮ್ಮ ಮಳೆಗೆ ಏನೂ ಸಾಲದು. ಟಯರ್ 37 ಇದ್ದರೆ 45 ಮಿ.ಮೀ. ಅಗಲದ್ದು ಸರಿ. ಮುಂದಿನ ಮಡ್‌ಗಾರ್ಡಿಗೆ ರಬ್ಬರ್ ಫ್ಲ್ಯಾಪ್ ಕಟ್ಟಿ, ನೆಲದಿಂದ ಒಂದು ಅಂಗೈ ಅಗಲ ಮೇಲಿರುವಷ್ಟು ಉದ್ದ ಬರಲಿ. ಹಳೆ ಲಾರಿ ಟ್ಯೂಬ್ ಕತ್ತರಿಸಿದರೂ ಆಯಿತು. ಇದು ಬರೀ ಕಾಲು ಒದ್ದೆಯಾಗದಿರಲಿ ಎಂದಲ್ಲ. ಮುಂದಿನ ಚಕ್ರ ಎರಚುವ ಮರಳು ನೇರ ಚೈನಿಗೆ, ಬಾಟಮ್ ಬ್ರಾಕೆಟ್ಟಿಗೆ ಬೀಳುತ್ತದೆ. ಒಂದು ಫ್ಲ್ಯಾಪ್ ಕಟ್ಟಿದರೆ ಚೈನಿನ ಆಯಸ್ಸು ಎಷ್ಟು ಹೆಚ್ಚುತ್ತದೆ ಎಂಬುದನ್ನು ಒಂದೇ ಮಳೆಗಾಲದಲ್ಲಿ ನೀವೇ ನೋಡುತ್ತೀರಿ.

ಬ್ರೇಕು. ನಿಮ್ಮದು ರಿಮ್ ಬ್ರೇಕ್ ಎಂದುಕೊಂಡಿದ್ದೇನೆ. ಒದ್ದೆ ರಿಮ್ಮಿನಲ್ಲಿ ಬ್ರೇಕ್ ಹಿಡಿದ ತಕ್ಷಣ ಏನೂ ಆಗುವುದಿಲ್ಲ. ರಬ್ಬರು ಮೊದಲು ನೀರನ್ನು ಒರೆಸಬೇಕು, ಆಮೇಲೆ ಹಿಡಿತ ಬರುತ್ತದೆ. ಹಾಗಾಗಿ ತಿರುವು ಕಾಣುವ ಮುಂಚೆಯೇ ಮೆಲ್ಲಗೆ ಬ್ರೇಕ್ ಒತ್ತಿ ರಿಮ್ ಒಣಗಿಸಿಕೊಳ್ಳಿ. ಕೂಲ್‌ಸ್ಟಾಪ್ ಕಂಪನಿಯ ಸಾಲ್ಮನ್ (ನಸುಗೆಂಪು) ಬಣ್ಣದ ಬ್ರೇಕ್ ರಬ್ಬರು ಒದ್ದೆಯಲ್ಲಿ ಮಾಮೂಲಿ ಕಪ್ಪು ರಬ್ಬರಿಗಿಂತ ತುಂಬಾ ವಾಸಿ. ವಾರಕ್ಕೊಮ್ಮೆ ರಬ್ಬರಿನಲ್ಲಿ ಚುಚ್ಚಿಕೊಂಡ ಮರಳು, ಲೋಹದ ಚೂರುಗಳನ್ನು ಸೂಜಿಯಿಂದ ತೆಗೆಯಿರಿ, ಇಲ್ಲದಿದ್ದರೆ ಅವು ರಿಮ್ಮನ್ನು ಕೆರೆಯುತ್ತಲೇ ಇರುತ್ತವೆ. ರಿಮ್ಮಿನ ಬದಿ ಒಳಕ್ಕೆ ಬಾಗಿದ ಹಾಗೆ ಸವೆದಿದ್ದರೆ ಆ ರಿಮ್ಮಿನಲ್ಲಿ ಘಾಟಿ ಇಳಿಯಬೇಡಿ. ಒಳಗಿನ ಗಾಳಿಯ ಒತ್ತಡಕ್ಕೇ ಅದು ಸೀಳಬಹುದು. ಫ್ರೇಮಿನಲ್ಲಿ ಡಿಸ್ಕ್ ಬ್ರೇಕಿಗೆ ಜಾಗ ಇದ್ದರೆ ವೈರಿನಿಂದ ನಡೆಯುವ ಡಿಸ್ಕ್ ಹಾಕಿಸಿ. ಅದರ ಪ್ಯಾಡ್ ಸಿಂಟರ್ಡ್, ಅಂದರೆ ಲೋಹದ ಪುಡಿಯಿಂದ ಮಾಡಿದ್ದು ಇರಲಿ. ಅಂಟಿನಿಂದ ಮಾಡಿದ ಮೆತ್ತನೆಯ ರೆಸಿನ್ ಪ್ಯಾಡ್ ಕೆಸರು ಮಳೆಯಲ್ಲಿ ಬಹಳ ಬೇಗ ಸವೆಯುತ್ತದೆ. ಆದರೆ ನಿಮ್ಮ ರೋಟರ್ (ಪ್ಯಾಡ್ ಹಿಡಿಯುವ ಲೋಹದ ತಟ್ಟೆ) ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಬರೆದಿದ್ದರೆ ಸಿಂಟರ್ಡ್ ಹಾಕಬಾರದು.

ಬೇಸಿಗೆಯಲ್ಲಿ ಅದೇ ಘಾಟಿಯ ತೊಂದರೆ ಬೇರೆ. ಸಾಮಾನು ಹೇರಿಕೊಂಡು ಬ್ರೇಕ್ ಹಿಡಿದೇ ಇಳಿದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಹಿಂದಿನದು, ಮುಂದಿನದು ಎಂದು ಬದಲಿಸುತ್ತಾ ಬಿಟ್ಟು ಬಿಟ್ಟು ಹಿಡಿಯಿರಿ. ನಡುವೆ ನಿಲ್ಲಿಸಿ ರಿಮ್ ಆರಲು ಬಿಡಿ.

ಹತ್ತುವ ಮಾತಿಗೆ ಬಂದರೆ, ಸಾಮಾನಿನ ಜೊತೆ ಆ ಘಾಟಿ ಹತ್ತಲು ಪೆಡಲಿನ ಬಳಿಯ ಹಲ್ಲುಚಕ್ರದ ಹಲ್ಲು ಹಿಂದಿನ ಹಲ್ಲುಚಕ್ರದ ಹಲ್ಲಿಗಿಂತ ಕಮ್ಮಿ ಇರಬೇಕು. ಮುಂದೆ ಮೂರು ಹಲ್ಲುಚಕ್ರ ಇದ್ದು ಸಣ್ಣದಕ್ಕೆ 22 ಹಲ್ಲು, ಹಿಂದೆ ದೊಡ್ಡದಕ್ಕೆ 34 ಇದ್ದರೆ ಕೂತೇ ಹತ್ತಬಹುದು. ಹಳೆಯ ಟೂರಿಂಗ್ ಸೈಕಲ್‌ಗಳಲ್ಲಿ ಹಿಂದೆ 28ಕ್ಕೇ ನಿಂತಿರುತ್ತದೆ. ದುಡ್ಡು ಕಮ್ಮಿ ಇದ್ದರೆ ಮೊದಲು ಮುಂದಿನ ಸಣ್ಣ ಹಲ್ಲುಚಕ್ರ ಬದಲಿಸಿ, ಅದೇ ಅಗ್ಗ.

ಚೈನಿಗೆ ಮಳೆಗಾಲದಲ್ಲಿ ದಪ್ಪನೆಯ ವೆಟ್ ಲ್ಯೂಬ್ (ಚೈನಿನ ಎಣ್ಣೆ), ಬೇಸಿಗೆಯಲ್ಲಿ ಡ್ರೈ ಅಥವಾ ಮೇಣದ ಲ್ಯೂಬ್. ಕೊಬ್ಬರಿ ಎಣ್ಣೆ ಹಾಕಬೇಡಿ, ಸ್ವಲ್ಪ ದಿನಕ್ಕೆ ಅಂಟಾಗಿ ಧೂಳೆಲ್ಲ ಹಿಡಿಯುತ್ತದೆ. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಕೂಡ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಚೈನು ಸವೆದಿದೆಯೇ ಎಂದು ನೋಡಲು ಸ್ಕೇಲ್ ಸಾಕು. ಒಂದು ಪಿನ್ನಿನ ಮೇಲೆ ಸೊನ್ನೆ ಇಟ್ಟರೆ ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚಿಗೆ ಇನ್ನೊಂದು ಪಿನ್ ಬರುತ್ತದೆ. ಅದು ಹದಿನಾರನೇ ಒಂದು ಇಂಚು ಮುಂದೆ ಹೋಗಿದ್ದರೆ ಚೈನ್ ಬದಲಿಸಿ. ಎಂಟನೇ ಒಂದು ಇಂಚಿನವರೆಗೆ ಬಿಟ್ಟರೆ ಹಿಂದಿನ ಹಲ್ಲುಗಳೂ ಸವೆದು ಖರ್ಚು ಹಲವು ಪಟ್ಟು ಆಗುತ್ತದೆ.

ವರ್ಷಕ್ಕೆ ಎರಡು ಸಲ ಸೈಕಲ್ಲನ್ನು ಪೂರ್ತಿ ಬಿಚ್ಚಬೇಕು. ಮೃಗಶಿರಾ ಮಳೆ ಹಿಡಿಯುವ ಮುಂಚೆ, ಅಂದರೆ ಮೇ ಕೊನೆಗೆ ಒಮ್ಮೆ. ಸ್ವಾತಿ ಮಳೆ ಮುಗಿದ ಮೇಲೆ ನವೆಂಬರಿನಲ್ಲಿ ಇನ್ನೊಮ್ಮೆ. ಚಕ್ರದ ನಡುವಿನ ಹಬ್‌ಗಳ ಕೋನ್ (ಬಾಲ್ಸ್ ಹಿಡಿದಿಡುವ ನಟ್ಟು) ಬಿಚ್ಚಿ ಬಾಲ್ಸ್ ತೊಳೆದು ಹೊಸ ಗ್ರೀಸ್, ಹ್ಯಾಂಡಲ್ಲಿನ ಬೇರಿಂಗಿಗೂ ಗ್ರೀಸ್, ಬ್ರೇಕ್ ಮತ್ತು ಗೇರಿನ ವೈರುಗಳನ್ನು ಸ್ಟೇನ್‌ಲೆಸ್‌ಗೆ ಬದಲಿಸುವುದು. ಬಾಟಮ್ ಬ್ರಾಕೆಟ್ ಹಳೆಯ ಕಪ್ ಮಾದರಿ ಆಗಿದ್ದರೆ ಈ ಸಲವೇ ಬೇರಿಂಗ್ ಮುಚ್ಚಿಯೇ ಬರುವ ಸೀಲ್ಡ್ ಕಾರ್ಟ್ರಿಡ್ಜ್ ಹಾಕಿಸಿಬಿಡಿ. ಉಡುಪಿ, ಮಲ್ಪೆ ಕಡೆ ಹೋಗಿ ಬಂದ ದಿನವೇ ಸಿಹಿನೀರಿನಲ್ಲಿ ತೊಳೆಯಿರಿ. ಸಮುದ್ರದ ಉಪ್ಪುಗಾಳಿ ಕಡ್ಡಿಗಳನ್ನು, ಸ್ಕ್ರೂಗಳನ್ನು ಬೇಗ ತಿನ್ನುತ್ತದೆ. ತೊಳೆಯುವಾಗ ವಾಟರ್ ಸರ್ವಿಸ್‌ನ ಜೋರು ಪೈಪನ್ನು ಬೇರಿಂಗ್‌ಗಳ ಕಡೆ ಹಿಡಿಸಬೇಡಿ.

ಸಾಮಾನಿಗೆ ಸ್ಟೀಲ್ ಕ್ಯಾರಿಯರ್, ಅದಕ್ಕೆ ಬಾಯಿ ಸುತ್ತಿ ಮುಚ್ಚುವ ಎರಡು ಬದಿಚೀಲ. ದುಬಾರಿ ಚೀಲ ಬೇಕೆಂದೇನಿಲ್ಲ. ಅಡಿಕೆ ಕೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಯನ್ನು ಒಳಗೆ ಹಾಕಿ ಅದರಲ್ಲಿ ಬಟ್ಟೆ ಇಟ್ಟರೆ ಪುನರ್ವಸು ಮಳೆಗೂ ಒದ್ದೆಯಾಗುವುದಿಲ್ಲ. ಭಾರದ್ದು ಕೆಳಗಿರಲಿ. ಚರ್ಮದ ಸೀಟಿದ್ದರೆ ಮಳೆಗಾಲಕ್ಕೆ ತೆಗೆದಿಟ್ಟು ಸಾಧಾರಣ ಸೀಟು ಹಾಕಿ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಚರ್ಮ ಒಣಗುವುದೇ ಇಲ್ಲ, ಬೂಷ್ಟು ಹಿಡಿಯುತ್ತದೆ.

ಮೈಮೇಲೆ ಪೊಂಚೋ (ತಲೆಯಿಂದ ಇಳಿಬಿಡುವ ಸಡಿಲ ಮಳೆಹೊದಿಕೆ) ಬೇಡ. ಬಸ್ಸು ಲಾರಿ ಪಕ್ಕದಲ್ಲಿ ಹೋದಾಗ ಗಾಳಿ ತುಂಬಿ ಎಳೆಯುತ್ತದೆ. ಕಂಕುಳಲ್ಲಿ ಜಿಪ್ ಇರುವ ಜಾಕೆಟ್, ಕಾಲಿಗೆ ಶೂ ಬದಲು ಸ್ಯಾಂಡಲ್ ಸಾಕು. ದಾರಿಯಲ್ಲಿ ಪಂಕ್ಚರ್ ಆದರೆ ಹುಲ್ಲಿನ ಮೇಲೆ ಕೂರಬೇಡಿ, ಇಂಬಳ ಹತ್ತುತ್ತವೆ. ಬಸ್ ಸ್ಟಾಪಿನವರೆಗೆ ತಳ್ಳಿಕೊಂಡು ಹೋಗಿ. ಒಂದು ಸಣ್ಣ ಪೊಟ್ಟಣ ಉಪ್ಪು ಜೊತೆಯಲ್ಲಿರಲಿ. ಹಾವಸೆ ಹಿಡಿದ ರಸ್ತೆಯಂಚು, ರಸ್ತೆಯ ಬಿಳಿ ಪಟ್ಟಿ, ಸೇತುವೆಯ ಕಬ್ಬಿಣದ ಜೋಡಣೆ, ರೈಲು ಹಳಿ ಇವು ಒದ್ದೆಯಲ್ಲಿ ಜಾರುತ್ತವೆ. ಹಳಿಯನ್ನು ನೇರ ಅಡ್ಡಕ್ಕೆ ದಾಟಿ.

ಚಳಿಗಾಲಕ್ಕೆ ಜಾಸ್ತಿ ಏನೂ ಬೇಡ. ಬೆಳಗಿನ ಮಂಜಿಗೆ ಹಿಂದೆ ಎರಡು ಕೆಂಪು ಲೈಟು, ಮುಂದಿನ ಲೈಟನ್ನು ಹ್ಯಾಂಡಲ್ ಮೇಲಲ್ಲದೆ ಫೋರ್ಕಿನ ಹತ್ತಿರ ಕೆಳಗೆ ಕಟ್ಟಿ. ಮೇಲಿದ್ದರೆ ಮಂಜೇ ಬೆಳಗಿ ಕಣ್ಣಿಗೆ ಹೊಡೆಯುತ್ತದೆ.

ರಾಯಚೂರು ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಗಾಗುವ ಮುಂಚೆ ಹೊರಟು 10 ಗಂಟೆಗೆ ನಿಲ್ಲಿಸಿ. ಫ್ರೇಮಿನಲ್ಲಿ ಮೂರನೇ ಬಾಟಲಿಗೆ ಜಾಗ ಮಾಡಿ, ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಬಾಟಲಿಗೆ ಒದ್ದೆ ಕಾಲುಚೀಲ ತೊಡಿಸಿದರೆ ಆ ಒಣಗಾಳಿಗೆ ನೀರು ತಣ್ಣಗಿರುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಈ ಉಪಾಯ ನಡೆಯುವುದಿಲ್ಲ. ಬೇಲಿ ಕಡಿದ ಜಾಗದಲ್ಲಿ ರಸ್ತೆ ಬಿಟ್ಟು ಕೆಳಗೆ ಇಳಿಯಬೇಡಿ, ಜಾಲಿ ಮುಳ್ಳು ಬಿದ್ದಿರುತ್ತದೆ. ಪಂಕ್ಚರ್ ಅಂಟಿಸುವ ಸೊಲ್ಯೂಷನ್ ಒಮ್ಮೆ ಒಡೆದರೆ ಬೇಸಿಗೆಯಲ್ಲಿ ಅದರ ಸಣ್ಣ ಟ್ಯೂಬಿನೊಳಗೇ ಒಣಗುತ್ತದೆ. ಒಡೆಯದ ಹೊಸದೊಂದು ಯಾವಾಗಲೂ ಇರಲಿ, ಜೊತೆಗೆ ಎರಡು ಚಕ್ರದ ಟ್ಯೂಬ್, ನಿಮ್ಮ ಚಕ್ರದ ಅಳತೆಯ ನಾಲ್ಕು ಕಡ್ಡಿ, ತುಂಡಾದ ಚೈನನ್ನು ಜೋಡಿಸುವ ಕ್ವಿಕ್ ಲಿಂಕ್.

ಎಲ್ಲ ಒಟ್ಟಿಗೆ ಮಾಡಿಸಲು ಆಗದಿದ್ದರೆ ಈ ಕ್ರಮದಲ್ಲಿ ಹೋಗಿ: ಮೊದಲು ಟಯರ್ ಮತ್ತು ಬ್ರೇಕ್ ರಬ್ಬರು, ಆಮೇಲೆ ಮಡ್‌ಗಾರ್ಡ್ ಮತ್ತು ಗ್ರೀಸ್ ಕೆಲಸ, ಆಮೇಲೆ ಗೇರು, ಕೊನೆಗೆ ಚೀಲಗಳು. ಮೊದಲ ಸಲ ಆಗುಂಬೆ ಇಳಿಯಲು ಜುಲೈ ಆರಿಸಬೇಡಿ. ಸೆಪ್ಟೆಂಬರ್ ಕೊನೆಗೆ ಹೋಗಿ. ಮಳೆ ಇರುತ್ತದೆ, ಆದರೆ ಎದುರಿನ ವಾಹನ ಕಾಣುತ್ತದೆ. ಗುಡ್ಡ ಕುಸಿದಾಗ ಆ ರಸ್ತೆ ಮುಚ್ಚುವುದುಂಟು, ಹಾಗಾಗಿ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಉಡುಪಿ ಬಸ್ಸಿನವರನ್ನು ಕೇಳಿಕೊಂಡೇ ಮುಂದೆ ಹೋಗಿ.