ಕೀಮೋ ಚೀಟಿಯಲ್ಲಿ ಮನೋರೋಗದ ಗುಳಿಗೆ ಏಕೆ?

ತಾಯಿಯವರ ಕೀಮೋ ಚೀಟಿಯಲ್ಲಿ ಓಲಾಂಜಪಿನ್ ಇದೆ, ಮೊಬೈಲಿನಲ್ಲಿ ಹುಡುಕಿದರೆ ಅದು ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಗುಳಿಗೆ, ಇಂಥವು ಕ್ಯಾನ್ಸರನ್ನೇ ಕೊಲ್ಲುತ್ತವೆ ಎಂದೂ ಓದಿದೆ, ಕೊಡಬಹುದೇ ಎಂದು ಕೇಳಿದ್ದೀರಿ. ಕೀಮೋದಿಂದ ಬರುವ ವಾಂತಿ ತಡೆಯಲೂ ಇದನ್ನು ಬರೆಯುತ್ತಾರೆ. ವೈದ್ಯರನ್ನು ಕೇಳದೆ ದಯವಿಟ್ಟು ನಿಲ್ಲಿಸಬೇಡಿ.

ನಾನು ಕಲಬುರಗಿಯಲ್ಲಿ ಔಷಧ ಅಂಗಡಿ ನಡೆಸುತ್ತೇನೆ. ತೊಗರಿ ರಾಶಿಯ ಹೊತ್ತಿನಲ್ಲಿ ಆಳಂದ ಕಡೆಯ ಹುಡುಗನೊಬ್ಬ, ಕೀಮೋ ನಡೆದಿದ್ದ ತನ್ನ ಅವ್ವನಿಗೆ ಬರೆದ ಇದೇ ಗುಳಿಗೆಯ ಪಟ್ಟಿಯನ್ನು ಹಿಂದಕ್ಕೆ ತಂದ. ಬೆಳ್ಳಿ ಹಾಳೆ ಎಲ್ಲೂ ಹರಿದಿರಲಿಲ್ಲ. "ನಮ್ಮ ಅವ್ವನಿಗೆ ತಲೆ ಕೆಟ್ಟಿಲ್ಲರೀ ಅಣ್ಣಾ" ಎಂದ. ನೆರೆಯವರ ಕಣ್ಣಿಗೆ ಬೀಳಬಾರದೆಂದು ಮನೆಯವರು ಅದನ್ನು ಗೋಡೆಯ ಗೂಡಿನಲ್ಲಿ ಬಚ್ಚಿಟ್ಟಿದ್ದರು. ಅವ್ವ ಎರಡು ದಿನದಿಂದ ನೀರು ಕುಡಿದರೂ ವಾಂತಿ ಮಾಡುತ್ತಿದ್ದಳು. ಅವನೆದುರಿಗೇ ವೈದ್ಯರಿಗೆ ಫೋನ್ ಹಚ್ಚಿಕೊಟ್ಟೆ. ನಾಲ್ಕನೆಯ ದಿನ ಬಂದು, ಅವ್ವ ಒಂದು ಬಟ್ಟಲು ಜೋಳದ ಅಂಬಲಿ ಕುಡಿದಳು, ವಾಂತಿಯಾಗಲಿಲ್ಲ ಎಂದ. ಮನೋರೋಗವೂ ರೋಗವೇ. ಅದರ ಗುಳಿಗೆಗೆ ನಾಚಿಕೊಂಡದ್ದಕ್ಕೆ ಆ ತಾಯಿ ಎರಡು ದಿನ ನರಳಿದಳಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ವಾಂತಿಗೆ ಹೊಟ್ಟೆಯೊಂದೇ ಕಾರಣವಲ್ಲ, ಅದರ ಹತೋಟಿ ಇರುವುದು ಮಿದುಳಿನಲ್ಲಿ. ಕೀಮೋ ಕೊಟ್ಟಾಗ ಡೋಪಮೈನ್, ಸೆರೊಟೋನಿನ್ ಎಂಬ ರಾಸಾಯನಿಕಗಳು ಅಲ್ಲಿಗೆ ಸುದ್ದಿ ಮುಟ್ಟಿಸುತ್ತವೆ. ಓಲಾಂಜಪಿನ್ ಎರಡರ ದಾರಿಯನ್ನೂ ಕಟ್ಟುತ್ತದೆ. ಹಸಿವನ್ನೂ ಹೆಚ್ಚಿಸುತ್ತದೆ. ಪುದುಚೇರಿಯ ಸರ್ಕಾರಿ ವೈದ್ಯಕೀಯ ಸಂಸ್ಥೆ ಜಿಪ್ಮರ್‌ನಲ್ಲಿ 124 ರೋಗಿಗಳನ್ನು ಸೇರಿಸಿಕೊಂಡು ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 2.5 ಮಿಲಿಗ್ರಾಂ ತೆಗೆದುಕೊಂಡವರ ಪೈಕಿ ಶೇ. 60ರಷ್ಟು ಮಂದಿಯ ತೂಕ ಶೇ. 5ಕ್ಕಿಂತ ಹೆಚ್ಚಾಯಿತು. ಔಷಧವಿಲ್ಲದ ಗುಳಿಗೆ ನುಂಗಿದವರಲ್ಲಿ ಹಾಗಾದದ್ದು ಶೇ. 9 ಮಂದಿಗೆ ಮಾತ್ರ. ಕೀಮೋದಲ್ಲಿ ಸೊರಗಿದವರನ್ನು ದಿನವೂ ನೋಡುವ ನನಗೆ ಇದು ಸಣ್ಣ ಮಾತಲ್ಲ.

ಕ್ಯಾನ್ಸರನ್ನೇ ಕೊಲ್ಲುವ ಸುದ್ದಿ ಪೂರ್ತಿ ಸುಳ್ಳಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ, ಥಯೋರಿಡಜಿನ್ ಎಂಬ ಹಳೆಯ ಮನೋರೋಗದ ಔಷಧ ರಕ್ತಕ್ಯಾನ್ಸರಿನ ಮೂಲ ಕೋಶಗಳನ್ನು ಹತ್ತಿಕ್ಕುತ್ತದೆ ಎಂದು ಪ್ರಯೋಗಾಲಯದಲ್ಲಿ ತೋರಿಸಿದರು. ಆ ಕೋಶಗಳ ಮೇಲೂ ಡೋಪಮೈನ್ ಬಂದು ಅಂಟುವ ಗ್ರಾಹಕಗಳಿವೆ. ಕ್ಲೋರ್‌ಪ್ರೊಮಜಿನ್, ಪಿಮೊಜೈಡ್‌ ಎಂಬ ಮನೋರೋಗದ ಔಷಧಗಳ ಮೇಲೂ ಇಂಥ ಪ್ರಯೋಗಗಳಾಗಿವೆ. ಆದರೆ ಗಾಜಿನ ತಟ್ಟೆಯಲ್ಲಿ ಕೋಶ ಸಾಯಿಸುವಷ್ಟು ಪ್ರಮಾಣವನ್ನು ಮನುಷ್ಯನ ಮೈ ತಾಳಬೇಕಲ್ಲ! ಥಯೋರಿಡಜಿನ್ ಹೃದಯದ ಬಡಿತವನ್ನೇ ತಪ್ಪಿಸುತ್ತದೆ. ಅದಕ್ಕಾಗಿಯೇ ಮೂಲ ಕಂಪನಿ 2005ರಲ್ಲಿ ಮಾರಾಟ ನಿಲ್ಲಿಸಿತು. ಸುದ್ದಿ ಓದಿ ಅದನ್ನು ಕೇಳಿಕೊಂಡು ಬಂದವರಿಗೆ ನಾನು ಕೊಡುವುದಿಲ್ಲ. ಕೀಮೋ ಬಿಟ್ಟು ಇದನ್ನು ನಂಬುವುದಂತೂ ಬೇಡವೇ ಬೇಡ.

ನಿಮ್ಮ ತಾಯಿಯವರಿಗೆ ಸಕ್ಕರೆ ಕಾಯಿಲೆ ಇದ್ದರೆ ವೈದ್ಯರಿಗೆ ಹೇಳಿ, ಈ ಗುಳಿಗೆ ಸಕ್ಕರೆ ಏರಿಸಬಹುದು. ಮನೆಯಲ್ಲಿ ವಾಂತಿಗೆಂದು ಇಟ್ಟ ಮೆಟೊಕ್ಲೋಪ್ರಮೈಡ್ ಇದ್ದರೆ ಕೇಳದೆ ಜೊತೆಗೆ ಕೊಡಬೇಡಿ. ಅದೂ ಡೋಪಮೈನನ್ನೇ ಕಟ್ಟುತ್ತದೆ, ಕೈಕಾಲು ಬಿಗಿಯಬಹುದು. ನಿದ್ದೆ ಜೋರಾಗಿ ಬರುವುದರಿಂದ ಸಾಮಾನ್ಯವಾಗಿ ರಾತ್ರಿಗೆ ಬರೆಯುತ್ತಾರೆ. ಎದ್ದಾಗ ತಲೆ ಸುತ್ತಬಹುದು, ಬಚ್ಚಲಿಗೆ ಹೋಗುವಾಗ ಯಾರಾದರೂ ಕೈ ಹಿಡಿದುಕೊಂಡಿರಿ.