ತೋಟದ ನೆರಳಿನಲ್ಲಿ ಹಕ್ಕಿ ಹಿಡಿಯಲು ಯಾವ ಕ್ಯಾಮೆರಾ, ಯಾವ ಲೆನ್ಸ್?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಳಿ ಅಡಿಕೆ ತೋಟದ ನಡುವೆ ಮನೆ, ಕೈಯಲ್ಲಿ ಒಂದೂವರೆ ಲಕ್ಷ ರೂಪಾಯಿ, ಹಕ್ಕಿಗಳ ಫೋಟೋ ತೆಗೆಯುವ ಆಸೆ. ಲೆನ್ಸ್ ಬದಲಿಸಲಾಗದ, ಬಹಳ ದೂರದ್ದನ್ನು ಹಿಗ್ಗಿಸಿ ತೋರಿಸುವ ನಿಕಾನ್ ಪಿ1000ದಂಥ ಸೂಪರ್‌ಝೂಮ್ ಸಾಕೇ, ಇಲ್ಲವೇ ಸಾಲ ಮಾಡಿಯಾದರೂ 600 ಮಿ.ಮೀ. ಲೆನ್ಸನ್ನೇ ಕೊಳ್ಳಬೇಕೇ ಎಂದು ಕೇಳಿದ್ದೀರಿ. (ಈ ಮಿ.ಮೀ. ಲೆನ್ಸಿನ ಫೋಕಲ್ ದೂರ; ಅದು ಹೆಚ್ಚಿದಷ್ಟೂ ದೂರದ ಹಕ್ಕಿ ದೊಡ್ಡದಾಗಿ ಕಾಣುತ್ತದೆ.) ನಾನು ಕುಂಬಳೆ ಕಡೆಯವನು. ಹತ್ತು ವರ್ಷಕ್ಕೂ ಮಿಕ್ಕಿ ಇದೇ ತೋಟ, ಪದವು (ಮುರಕಲ್ಲಿನ ಬಯಲು), ಅಳಿವೆಗಳಲ್ಲಿ ಕ್ಯಾಮೆರಾ ಹೊತ್ತು ತಿರುಗಿದವನು. ನನ್ನ ಅಭಿಪ್ರಾಯದಲ್ಲಿ ನಿಮಗೆ ಸದ್ಯಕ್ಕೆ ಆ ಎರಡೂ ಬೇಡ. 400 ಮಿ.ಮೀ.ವರೆಗೆ ಹೋಗುವ ಹಗುರವಾದ ಲೆನ್ಸ್ ಮತ್ತು ಎಪಿಎಸ್-ಸಿ ಎಂಬ ಮಧ್ಯಮ ಗಾತ್ರದ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಫಲಕ) ಇರುವ, ಒಳಗೆ ಕನ್ನಡಿಯಿಲ್ಲದ ಒಂದು ಮಿರರ್‌ಲೆಸ್ ಕ್ಯಾಮೆರಾ ಸಾಕು.

ಪಿ1000ದ ಹೆಗ್ಗಳಿಕೆಯಾದ 3000 ಮಿ.ಮೀ. ಎಂಬುದು ಪೂರ್ಣ ಚೌಕಟ್ಟಿನ, ಅಂದರೆ ಹಳೆಯ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ, ಕ್ಯಾಮೆರಾಕ್ಕೆ ಹೋಲಿಸಿ ಹೇಳುವ ಲೆಕ್ಕ. ಅದರ ಲೆನ್ಸಿನ ನಿಜವಾದ ಫೋಕಲ್ ದೂರ 539 ಮಿ.ಮೀ. ಮಾತ್ರ. ಅಷ್ಟು ದೂರದ ನೋಟ ಸಿಗುವುದು ಸೆನ್ಸರ್ ತೀರಾ ಚಿಕ್ಕದಾಗಿರುವುದರಿಂದ. ಕ್ಯಾನನ್ನಿನ ಎಪಿಎಸ್-ಸಿ ಸೆನ್ಸರಿನ ವಿಸ್ತೀರ್ಣ ಅದರ ಸುಮಾರು ಹನ್ನೆರಡು ಪಟ್ಟು ಇದೆ. ಪದವಿನ ಬಯಲಿನಲ್ಲಿ, ಒಳ್ಳೆಯ ಬಿಸಿಲಿನಲ್ಲಿ, ದೂರದ ಕೊಂಬೆಯ ಮೇಲೆ ಕುಳಿತ ಹದ್ದು ಯಾವ ಜಾತಿಯದೆಂದು ಗುರುತಿಸಲು ಪಿ1000ಕ್ಕಿಂತ ಅಗ್ಗದ ದಾರಿ ಇಲ್ಲವೆಂದು ನಾನು ಒಪ್ಪುತ್ತೇನೆ. ಗುರುತಿಸುವುದೇ ನಿಮ್ಮ ಮುಖ್ಯ ಉದ್ದೇಶವಾಗಿದ್ದರೆ ಮುಂದಿನದನ್ನು ಓದದೆ ಅದನ್ನೇ ತೆಗೆದುಕೊಳ್ಳಬಹುದು. ಆದರೆ ಬೆಳಗ್ಗೆ ಏಳೂವರೆಗೆ ತೋಟದೊಳಗೆ, ಅಡಿಕೆ ಸೋಗೆಗಳ ಕೆಳಗೆ, ರಾಜಹಕ್ಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುತ್ತಿರುವಾಗ ಆ ಚಿಕ್ಕ ಸೆನ್ಸರಿನ ಚಿತ್ರ ನೀರಿನಲ್ಲಿ ಕದಡಿದ ಬಣ್ಣದಂತೆ ಕಾಣುತ್ತದೆ, ಫೋಕಸ್ ಹಕ್ಕಿಯನ್ನು ಮುಟ್ಟುವಷ್ಟರಲ್ಲಿ ಹಕ್ಕಿ ಆ ಜಾಗದಲ್ಲಿ ಇರುವುದಿಲ್ಲ.

ನಮ್ಮ ತೋಟಗಳಲ್ಲಿ ಹಕ್ಕಿ ದೂರವಿರುವುದಿಲ್ಲ. ಕೊರತೆ ಇರುವುದು ಬೆಳಕಿನದು. ಇದನ್ನು ಒಂದು ಚಿಕ್ಕ ಲೆಕ್ಕದಿಂದ ನೋಡೋಣ. ನಾನು ಮುಂದೆ ಸೂಚಿಸುವ ಕ್ಯಾನನ್ ಆರ್10 ಕ್ಯಾಮೆರಾದ ಸೆನ್ಸರಿನ ಅಗಲ 22.3 ಮಿ.ಮೀ. ಅದಕ್ಕೆ 400 ಮಿ.ಮೀ. ಲೆನ್ಸ್ ಹಾಕಿ ಹತ್ತು ಮೀಟರ್ ದೂರದಿಂದ ನೋಡಿದರೆ ಚೌಕಟ್ಟಿನಲ್ಲಿ ಹಿಡಿಯುವ ಅಗಲ ಸುಮಾರು 56 ಸೆಂ.ಮೀ. ತೋಡಿನ ಕಟ್ಟದ ಮೇಲೆ ಕೂರುವ ಗದ್ದೆ ಮಿಂಚುಳ್ಳಿ ಸುಮಾರು 28 ಸೆಂ.ಮೀ. ಉದ್ದವಿರುವುದರಿಂದ ಅದು ಅಡ್ಡಕ್ಕೆ ಕುಳಿತಾಗ ಅರ್ಧ ಚೌಕಟ್ಟನ್ನು ತುಂಬುತ್ತದೆ. 600 ಮಿ.ಮೀ. ಲೆನ್ಸಿನಲ್ಲಿ ಇದೇ ಚಿತ್ರ ಹದಿನೈದು ಮೀಟರಿನಿಂದ ಸಿಗುತ್ತದೆ. ಅಂದರೆ ನೀವು ಆ ದೊಡ್ಡ ಲೆನ್ಸಿಗೆ ಕೊಡುವ ಹಣ ಐದು ಮೀಟರ್ ದೂರದ ಬೆಲೆ. ನಿಮ್ಮದೇ ತೋಟದಲ್ಲಿ, ಹಕ್ಕಿಗಳು ದಿನಾ ನಿಮ್ಮನ್ನು ಕಾಣುತ್ತಿರುವಾಗ, ಆ ಐದು ಮೀಟರನ್ನು ತೆಂಗಿನ ಬುಡದಲ್ಲಿ ಒಂದು ಗಂಟೆ ಅಲುಗದೆ ಕುಳಿತು ಗಳಿಸಬಹುದು. ಶಿರಿಯ ಅಳಿವೆಯ ಮರಳದಿಣ್ಣೆಯಲ್ಲಿ ಚಳಿಗಾಲಕ್ಕೆ ಬರುವ ಹಕ್ಕಿಗಳಿಗಾಗಲಿ, ನಮ್ಮ ಜಿಲ್ಲೆಯ ಹಕ್ಕಿಯೆಂದು ಘೋಷಿತವಾಗಿರುವ ಬಿಳಿ ಹೊಟ್ಟೆಯ ಕಡಲ ಹದ್ದಿಗಾಗಲಿ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ 600 ಕೂಡ ಸಾಲದು.

ಹಾಗಾಗಿ ಹೊಸದನ್ನೇ ಕೊಳ್ಳುವುದಿದ್ದರೆ ಕ್ಯಾನನ್ ಆರ್10 ಮತ್ತು ಆರ್‌ಎಫ್ 100-400 ಲೆನ್ಸನ್ನು ನೋಡಿ. ಎರಡೂ ಸೇರಿ ನಿಮ್ಮ ಮೊತ್ತದ ಆಸುಪಾಸಿನಲ್ಲಿ ಬರುತ್ತವೆ; ಬೆಲೆ ಏರಿಳಿಯುತ್ತಿರುವುದರಿಂದ ಮಂಗಳೂರಿನ ಎರಡು ಅಂಗಡಿಗಳಲ್ಲಾದರೂ ವಿಚಾರಿಸಿ. ಕ್ಯಾಮೆರಾ 429 ಗ್ರಾಂ, ಲೆನ್ಸ್ 635 ಗ್ರಾಂ. ನಾನು ವರ್ಷಗಟ್ಟಲೆ ಹೊತ್ತ ನಿಕಾನ್ ಡಿ500 ಮತ್ತು 200-500 ಲೆನ್ಸಿನ ಜೋಡಿ ಮೂರು ಕಿಲೋ ದಾಟುತ್ತದೆ. ಚಿತ್ರ ಅದರಲ್ಲಿ ಬಹಳ ಚೆನ್ನಾಗಿ ಬರುತ್ತದೆ, ಸಂಶಯವಿಲ್ಲ. ಆದರೆ ರಾಣಿಪುರ ಬೆಟ್ಟದ ಏರು ಹತ್ತುವಾಗ ಅದು ಹೆಗಲಿನಿಂದ ಬೆನ್ನಚೀಲಕ್ಕೆ ಹೋಯಿತು, ಮೇಲೆ ಮಂಗಟ್ಟೆಯ ಜೋಡಿ ತಲೆಯ ಮೇಲಿನಿಂದಲೇ ಹಾರಿಹೋದಾಗ ನಾನು ಚೀಲದ ಜಿಪ್ ಎಳೆಯುತ್ತಿದ್ದೆ. ಆರ್10 ಹಕ್ಕಿಯನ್ನೂ ಅದರ ಕಣ್ಣನ್ನೂ ತಾನಾಗಿ ಗುರುತಿಸಿ ಫೋಕಸ್ ಮಾಡುತ್ತದೆ, ಸೆಕೆಂಡಿಗೆ 15 ಚಿತ್ರ ತೆಗೆಯುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ಇನ್ನೂ ವೇಗವಿದ್ದರೂ ಹಾರುವ ಹಕ್ಕಿಯ ರೆಕ್ಕೆ ಅದರಲ್ಲಿ ಸೊಟ್ಟಗಾಗುತ್ತದೆ. ಕುಳಿತ ಹಕ್ಕಿಗೆ ಮಾತ್ರ ಬಳಸಿ.

ಈ ಲೆನ್ಸಿನ ದೋಷವನ್ನೂ ಹೇಳಬೇಕು. 400 ಮಿ.ಮೀ.ನಲ್ಲಿ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಂಡಿ, ಎಫ್/8ಕ್ಕೆ ಕುಗ್ಗುತ್ತದೆ (ಅಂಕೆ ದೊಡ್ಡದಾದಷ್ಟೂ ಕಂಡಿ ಚಿಕ್ಕದು), ಬೆಳಕಿನ ಕೊರತೆಯ ಬಗ್ಗೆ ಇಷ್ಟು ಹೇಳಿದ ಮೇಲೆ ಇದನ್ನೇ ಸೂಚಿಸುವುದು ವಿರೋಧಾಭಾಸವೆಂದು ನಿಮಗೆ ಅನ್ನಿಸಬಹುದು. ತೋಟದ ನೆರಳಿನಲ್ಲಿ ಸೆಕೆಂಡಿನ 500ನೇ ಒಂದು ಭಾಗದ ಶಟರ್ ಇಟ್ಟರೆ ಸೆನ್ಸರ್ ಬೆಳಕಿಗೆ ಸ್ಪಂದಿಸುವ ಅಳತೆಯಾದ ಐಎಸ್‌ಒ 3200, ಕೆಲವೊಮ್ಮೆ 6400ಕ್ಕೆ ಏರಿ ಚಿತ್ರ ಕಾಳುಕಾಳಾಗುತ್ತದೆ. ಹಕ್ಕಿ ಚೌಕಟ್ಟನ್ನು ತುಂಬಿದ್ದರೆ ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲಿನಿಂದ ಈ ಕಾಳುಕಾಳನ್ನು ಸಾಫ್ಟ್‌ವೇರ್ ಮೂಲಕ ತೆಗೆಯಬಹುದು, ದೂರದ ಹಕ್ಕಿಯನ್ನು ಕತ್ತರಿಸಿ ಹಿಗ್ಗಿಸಿದರೆ ಆಗುವುದಿಲ್ಲ. ಹಳೆಯದನ್ನು ಕೊಳ್ಳಲು ಅಡ್ಡಿಯಿಲ್ಲದಿದ್ದರೆ 1993ರಲ್ಲಿ ಬಂದ ಕ್ಯಾನನ್ ಇಎಫ್ 400 ಎಫ್/5.6 ಎಲ್ ಲೆನ್ಸನ್ನು, ಅದನ್ನು ಆರ್10ಕ್ಕೆ ಜೋಡಿಸುವ ಅಡಾಪ್ಟರ್ ಜೊತೆ, ಹುಡುಕಿ. ಎಫ್/8ರ ಎರಡರಷ್ಟು ಬೆಳಕು ಬರುತ್ತದೆ, ತೂಕ ಒಂದೂಕಾಲು ಕಿಲೋ. ಅದರಲ್ಲಿ ಕಂಪನ ತಡೆಯುವ ವ್ಯವಸ್ಥೆ ಇಲ್ಲ, ಆರ್10ರ ಒಳಗೂ ಇಲ್ಲ. ಆದರೆ ಆ ವ್ಯವಸ್ಥೆ ನಮ್ಮ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಹಕ್ಕಿಯ ಚಲನೆಯನ್ನಲ್ಲ. ಶಟರ್ ವೇಗ ಹೇಗೂ ಬೇಕು. ಮೂರೂವರೆ ಮೀಟರಿಗಿಂತ ಹತ್ತಿರ ಅದು ಫೋಕಸ್ ಆಗುವುದಿಲ್ಲ, ಹಾಗಾಗಿ ಅಂಗಳದ ದಾಸವಾಳಕ್ಕೆ ಬರುವ ಸೂರಕ್ಕಿಗೆ ನೀವು ಹಿಂದೆ ಸರಿಯಬೇಕಾದೀತು.

ಇನ್ನು ನಮ್ಮ ಊರಿನದೇ ಒಂದು ಖರ್ಚಿದೆ, ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳದ್ದು: ತೇವ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುವ ಜಾಗದಲ್ಲಿ ಲೆನ್ಸ್ ಕಪಾಟಿನಲ್ಲಿ ಕುಳಿತೇ ಹಾಳಾಗುತ್ತದೆ. ನನ್ನ ಮೊದಲ 70-300 ಲೆನ್ಸನ್ನು ಮಳೆ ಹಿಡಿದಾಗ ಬಟ್ಟೆಯ ಚೀಲದಲ್ಲಿ ಸುತ್ತಿ, ಕಬ್ಬಿಣದ ಕಪಾಟಿನಲ್ಲಿ ಸೀರೆಗಳ ಮಧ್ಯೆ ಜೋಪಾನವಾಗಿ ಇಟ್ಟಿದ್ದೆ. ಆಟಿ ತಿಂಗಳು ಕಳೆದು ಚೌತಿಗೆ ತೆಗೆದು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಗಾಜಿನ ಒಳಬದಿಯಲ್ಲಿ ಜೇಡನ ನೂಲಿನಂಥ ಬಿಳಿ ಎಳೆಗಳು ಒಂದು ಮೂಲೆಯಿಂದ ಕವಲೊಡೆದು ಹಬ್ಬಿದ್ದವು. ಒಂದು ರಿಪೇರಿ ಅಂಗಡಿಯಲ್ಲಿ ಬಿಚ್ಚಿ ಒರೆಸಿಕೊಟ್ಟರು, ಬೂಷ್ಟು ಹೋಯಿತು, ಅದರೊಂದಿಗೆ ಗಾಜಿನ ಲೇಪವೂ ಅಲ್ಲಲ್ಲಿ ಹೋಯಿತು. ಆಮೇಲೆ ಆ ಲೆನ್ಸಿನ ಎಲ್ಲ ಚಿತ್ರಗಳಲ್ಲೂ ತೆಳು ಮಂಜು.

ಆದ್ದರಿಂದ ಮುಚ್ಚಳಕ್ಕೆ ರಬ್ಬರ್ ಪಟ್ಟಿಯಿರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ತೇವ ತೋರಿಸುವ ಚಿಕ್ಕ ಮೀಟರ್ ಮತ್ತು ಅರ್ಧ ಕಿಲೋ ಸಿಲಿಕಾ ಜೆಲ್ ಕ್ಯಾಮೆರಾದ ಜೊತೆಯಲ್ಲೇ ಮನೆಗೆ ಬರಲಿ. ಮೀಟರ್ ಶೇ. 40ರಿಂದ 50ರ ನಡುವೆ ನಿಂತಿರಬೇಕು; ತೀರಾ ಒಣಗಿಸುವುದೂ ಒಳ್ಳೆಯದಲ್ಲ. ಜೆಲ್ ಬಣ್ಣ ಬದಲಾದಾಗ ಸಣ್ಣ ಉರಿಯಲ್ಲಿ ಬಿಸಿಮಾಡಿ ಮತ್ತೆ ಬಳಸಬಹುದು, ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ. ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಲೆನ್ಸ್ ಇಟ್ಟು ಮರೆಯಬೇಡಿ. ಹಳೆಯ ಲೆನ್ಸ್ ಕೊಳ್ಳುವಾಗಲೂ ಇದೇ ಟಾರ್ಚಿನ ಪರೀಕ್ಷೆ ಮಾಡಿ. ಕಡಲ ಬದಿಯಲ್ಲಿ ಬಳಸಿದ್ದಾದರೆ ಕ್ಯಾಮೆರಾಕ್ಕೆ ಕೂರುವ ಮೌಂಟಿನ ಸುತ್ತಲಿನ ತಿರುಪುಗಳಲ್ಲಿ ತುಕ್ಕು ಕಾಣುತ್ತದೆ. ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಎದ್ದು ಬನ್ನಿ.

ಟ್ರೈಪಾಡಿಗೆ ಈಗಲೇ ಹಣ ಹಾಕಬೇಡಿ. ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದು ಅಕ್ಕಿ ತುಂಬಿಸಿದ ಚೀಲ ಮುರಕಲ್ಲಿನ ಪಾಗಾರದ ಮೇಲೂ ಕಾರಿನ ಕಿಟಕಿಯ ಮೇಲೂ ಚೆನ್ನಾಗಿ ಕೂರುತ್ತದೆ. ಪದವಿಗೆ ಹೋಗುವುದಾದರೆ ಒಂಬತ್ತು ಗಂಟೆಯೊಳಗೆ ಮುಗಿಸಿ. ಆಮೇಲೆ ಮುರಕಲ್ಲು ಕಾದು ಏಳುವ ಬಿಸಿಗಾಳಿಯಲ್ಲಿ ಟಿಟ್ಟಿಭದ ಕಾಲುಗಳೇ ನಡುಗಿದಂತೆ ಕಾಣುತ್ತವೆ, ಅದನ್ನು ಲೆನ್ಸಿನ ದೋಷವೆಂದು ತಿಳಿದು ಅಂಗಡಿಗೆ ಹಿಂದಿರುಗಿಸಲು ಹೋದವರನ್ನು ನಾನು ಬಲ್ಲೆ. ಕೊಳ್ಳುವ ದಿನ ನಿಮ್ಮದೇ ಮೆಮೊರಿ ಕಾರ್ಡ್ ಒಯ್ದು ಅಂಗಡಿಯ ಬಾಗಿಲಿನಿಂದ ರಸ್ತೆಯಾಚೆಯ ಬೋರ್ಡಿನ ನಾಲ್ಕು ಚಿತ್ರ ತೆಗೆದು ಮೂಲೆಗಳನ್ನು ಹಿಗ್ಗಿಸಿ ನೋಡಿ. ಆರ್‌ಎಫ್ 100-400ರ ಡಬ್ಬದಲ್ಲಿ ಹುಡ್ (ಲೆನ್ಸಿನ ಮುಂದೆ ಸಿಕ್ಕಿಸುವ, ಅಡ್ಡ ಬೆಳಕು ತಡೆಯುವ ಬಳೆ) ಬರುವುದಿಲ್ಲ, ಬೇರೆಯಾಗಿ ಕೇಳಿ ತೆಗೆದುಕೊಳ್ಳಬೇಕು.