ವಾಲ್ಟ್‌ನ ಆ ಫೋನ್ ಕರೆ ನಾಟಕವಾ, ನಿಜವಾ?

ಅಮೆರಿಕದ ಟಿವಿ ಸರಣಿ 'ಬ್ರೇಕಿಂಗ್ ಬ್ಯಾಡ್'ನ 'ಒಜಿಮ್ಯಾಂಡಿಯಸ್' ಕಂತಿನಲ್ಲಿ, ಡ್ರಗ್ಸ್ ದಂಧೆಗೆ ಇಳಿದ ಮೇಷ್ಟ್ರು ವಾಲ್ಟ್ ಫೋನ್ ಮಾಡಿ ಹೆಂಡತಿ ಸ್ಕೈಲರ್‌ಗೆ ಅಷ್ಟು ಕೆಟ್ಟದಾಗಿ ಬೈದದ್ದು ನಿಜವಾದ ಸಿಟ್ಟಾ, ನಾಟಕವಾ ಅಂತ ಕೇಳಿದ್ದೀರಿ. ಹೆಚ್ಚಿನ ಪಾಲು ನಾಟಕವೇ. ಪೊಲೀಸರು ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಅವನಿಗೆ ಗೊತ್ತು. ಈ ದಂಧೆ ಎಲ್ಲ ನಾನೊಬ್ಬನೇ ಕಟ್ಟಿದ್ದು ಅಂತ ಕೂಗಾಡಿ, ಹೆಂಡತಿ ಜೈಲಿಗೆ ಹೋಗದ ಹಾಗೆ ತಪ್ಪನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳುತ್ತಾನೆ. ಈ ಸಲ ಮಾತು ಬಿಟ್ಟು ಮುಖ ನೋಡಿ. ಬಾಯಲ್ಲಿ ಬೈಗುಳ, ಕಣ್ಣಲ್ಲಿ ನೀರು. ನಡುವೆ ಸ್ಕೈಲರ್‌ಗೂ ಅದು ಹೊಳೆಯುತ್ತದೆ. ಅವಳ ಮುಖ ಬದಲಾಗುತ್ತದೆ, ಕ್ಷಮೆ ಕೇಳುತ್ತಾಳೆ.

ಆದರೆ ಪೂರ್ತಿ ಸುಳ್ಳು ಅಂತಲೂ ನನಗನಿಸುವುದಿಲ್ಲ. ಆ ವಿಷ ಎಷ್ಟೋ ದಿನದಿಂದ ಒಳಗೆ ಕೂತಿದ್ದಂತೆ ಕೇಳಿಸುತ್ತದೆ. ವಾಲ್ಟ್ ಪಾತ್ರ ಮಾಡಿದ ಬ್ರಯನ್ ಕ್ರಾನ್‌ಸ್ಟನ್ ನಟನೆಯ ತಾಕತ್ತೇ ಅದು.

2013ರ ಸೆಪ್ಟೆಂಬರ್ 15ರಂದು ಅಮೆರಿಕದಲ್ಲಿ ಇದು ಪ್ರಸಾರವಾದಾಗ ಕೆಲವು ಅಭಿಮಾನಿಗಳು ಆ ಬೈಗುಳಕ್ಕೇ ಚಪ್ಪಾಳೆ ಹೊಡೆದರು. ನನಗೆ ತುಂಬಾ ಬೇಸರವಾಗುವುದು ಇಲ್ಲೇ. ಸ್ಕೈಲರ್ ಮೇಲಿನ ದ್ವೇಷ ಮೊದಲಿಂದಲೂ ಇತ್ತು. ಅದು ತನ್ನ ಮೇಲೂ ತಿರುಗಿತು ಅಂತ ಆ ಪಾತ್ರ ಮಾಡಿದ ನಟಿ ಆನಾ ಗನ್ ಅದೇ ವರ್ಷದ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದಿದ್ದರು. ಅದೇ ಕಂತಿನಲ್ಲಿ ಸ್ಕೈಲರ್ ಅಡುಗೆಮನೆಯ ಚಾಕು ಹಿಡಿದು ಮಕ್ಕಳಿಗೆ ಅಡ್ಡ ನಿಲ್ಲುತ್ತಾಳೆ, ಅಲ್ವಾ? ಅಪ್ಪನ ಮೇಲೆ ಪೊಲೀಸರಿಗೆ ಫೋನ್ ಮಾಡುವುದು ಮಗನೇ. ಅದನ್ನು ನೋಡಿದ ಮೇಲೂ ಅವಳನ್ನೇ ದೂರುವವರ ಜೊತೆ ನಾನು ಒಪ್ಪಲಾರೆ.